ತುಮಕೂರಲ್ಲಿ ನಡೆಯುವವರಿಗೆ, ಸೈಕಲ್‌ನವರಿಗೆ ಜಾಗ: ಯಾವ ರಸ್ತೆಯಿಂದ ಶುರು ಮಾಡೋಣ?

ಎಸ್.ಎಸ್. ಪುರಂ ನಿವಾಸಿ

ಎಲ್ಲರಿಗೂ ನಮಸ್ಕಾರ. ನಡೆಯುವುದು ಒಳ್ಳೆಯದು, ಸೈಕಲ್ ತುಳಿಯುವುದು ಒಳ್ಳೆಯದು ಅಂತ ಜಾಥಾ ಮಾಡಿ ಹೇಳಬೇಕಾದ ಅಗತ್ಯ ಈಗ ಇಲ್ಲ ಅಂತ ನನ್ನ ಅಭಿಪ್ರಾಯ. ಡಾಕ್ಟರ್ ಹೇಳುತ್ತಾರೆ, ಸ್ಕೂಲಲ್ಲಿ ಹೇಳುತ್ತಾರೆ, ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಜನ ನಡೆಯುತ್ತಿಲ್ಲ ಅಂದರೆ ಕಾಲಿಡಲು ಜಾಗ ಇಲ್ಲ ಅಂತ ಅರ್ಥ.

ತುಮಕೂರು 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿತ್ತು. ಆಮೇಲೆ ಸುತ್ತಲ ಬಡಾವಣೆಗಳು ಹೇಗೆ ಬೆಳೆದಿವೆ ಅಂತ ಎಲ್ಲರೂ ನೋಡಿದ್ದೀರಿ. ಆದರೂ ಊರು ಇನ್ನೂ ಸೈಕಲ್‌ಗೆ ನಿಲುಕುವ ಹಾಗೇ ಇದೆ. ಬಟವಾಡಿಯಿಂದ ಗುಬ್ಬಿ ಗೇಟ್‌ಗೆ ನಿಧಾನವಾಗಿ ತುಳಿದರೂ ಅರ್ಧ ಗಂಟೆ ಸಾಕು. ಬೆಂಗಳೂರಿಗೆ ಈ ಅವಕಾಶ ಯಾವಾಗಲೋ ಕೈ ತಪ್ಪಿತು. ನಮಗಿನ್ನೂ ತಪ್ಪಿಲ್ಲ.

ಬೆಳಗಿನ ಹೊತ್ತು ರೈಲ್ವೆ ಸ್ಟೇಷನ್ ಮುಂದೆ ನಿಂತು ನೋಡಿ. ಬೆಂಗಳೂರಿಗೆ ಕೆಲಸಕ್ಕೆ, ಕಾಲೇಜಿಗೆ ಹೋಗುವವರಲ್ಲಿ ಎಷ್ಟೋ ಜನರ ಮನೆ ಎರಡು ಕಿ.ಮೀ. ಒಳಗೇ ಇರುತ್ತದೆ. ಆದರೂ ಬೈಕ್ ಇಲ್ಲವೇ ಆಟೋ. ಯಾಕೆಂದರೆ ಫುಟ್‌ಪಾತ್ ಇದ್ದಕ್ಕಿದ್ದ ಹಾಗೆ ಮುಗಿದುಹೋಗುತ್ತದೆ. ಇಲ್ಲ ಅಂದರೆ ಟ್ರಾನ್ಸ್‌ಫಾರ್ಮರ್ ಅಡ್ಡ ಬರುತ್ತದೆ. ರಾತ್ರಿ ವಾಪಸ್ ಬರುವಾಗ ಚರಂಡಿ ಚಪ್ಪಡಿ ಎಲ್ಲಿ ಕಿತ್ತಿದೆ ಅಂತ ಕಾಣುವುದಿಲ್ಲ.

ನನ್ನ ಸಲಹೆ ಇಷ್ಟು. ಊರಿಗೆಲ್ಲ ಫುಟ್‌ಪಾತ್ ಕೊಡಿ ಅಂತ ಕೇಳಿದರೆ ಯಾವ ರಸ್ತೆಗೂ ಬರುವುದಿಲ್ಲ. ಒಂದೇ ದಾರಿ ಹಿಡಿಯೋಣ. ರೈಲ್ವೆ ಸ್ಟೇಷನ್‌ನಿಂದ ಟೌನ್ ಹಾಲ್ ಸರ್ಕಲ್, ಅಲ್ಲಿಂದ ಬಸ್ ಸ್ಟ್ಯಾಂಡ್. ಅದನ್ನು ಒಂದು ಅಡಿಯೂ ಬಿಡದೆ ಪೂರ್ತಿ ಸರಿ ಮಾಡಿ ಅಂತ ಮನವಿ ಕೊಡೋಣ. ನಿಮ್ಮ ಅಭಿಪ್ರಾಯ ಬರೆಯಿರಿ.

ಅಶೋಕ ರಸ್ತೆ ಅಂಗಡಿಯವನು

ಸರ್, ನಿಮ್ಮ ಕಾಳಜಿ ಒಳ್ಳೆಯದು. ಆದರೆ ಇಂಥ ಚರ್ಚೆ ಶುರುವಾದಾಗಲೆಲ್ಲ ಕೊನೆಗೆ ಏಟು ಬೀಳುವುದು ನಮ್ಮಂಥ ಅಂಗಡಿಗಳಿಗೆ. ರಸ್ತೆ ಅಗೆದರೆ ತಿಂಗಳುಗಟ್ಟಲೆ ಧೂಳು, ಗಿರಾಕಿ ಈ ಕಡೆ ತಲೆ ಹಾಕುವುದಿಲ್ಲ. ಆಮೇಲೆ ಪಾರ್ಕಿಂಗ್ ತೆಗೆದರೆ ಹಳ್ಳಿಯಿಂದ ಕಾರು, ಬೈಕಲ್ಲಿ ಬರುವವರು ರಿಂಗ್ ರಸ್ತೆ ಕಡೆ ದೊಡ್ಡ ಅಂಗಡಿಗೆ ಹೋಗುತ್ತಾರೆ. ಮಾಲು ಇಳಿಸುವ ಟೆಂಪೋ ಎಲ್ಲಿ ನಿಲ್ಲಬೇಕು? ಇದಕ್ಕೆ ಉತ್ತರ ಇಲ್ಲದೆ ನಾನು ಸಹಿ ಹಾಕಲಾರೆ.

ನಿವೃತ್ತ ಇಂಜಿನಿಯರ್, ಉಪ್ಪಾರಹಳ್ಳಿ

ಅಂಗಡಿ ಯಜಮಾನರ ಪ್ರಶ್ನೆ ಸರಿಯಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಫುಟ್‌ಪಾತ್ ಯಾಕೆ ಕೆಡುತ್ತದೆ ಅಂತ ಹೇಳುತ್ತೇನೆ. ಕೆಲಸದ ದಿನಗಳಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ.

ಒಂದು ಉದ್ದ ಗೋಡೆ ಪಕ್ಕದ ಫುಟ್‌ಪಾತ್ ತೆಗೆದುಕೊಳ್ಳಿ. ಮಾಡಿದ ದಿನ ಚೆನ್ನಾಗಿರುತ್ತದೆ. ಅದೇ ಮನೆಗಳ ಸಾಲಿಗೆ ಬನ್ನಿ. ಪ್ರತಿ ಗೇಟ್ ಮುಂದೆ ಕಾರು ಇಳಿಯಬೇಕು. ಅದಕ್ಕೆ ಫುಟ್‌ಪಾತನ್ನೇ ಕತ್ತರಿಸಿ ರಸ್ತೆ ಮಟ್ಟಕ್ಕೆ ಇಳಿಸುತ್ತಾರೆ. ಗೇಟ್ ದಾಟಿದ ಮೇಲೆ ಮತ್ತೆ ಮೇಲೆ ಏರಿಸುತ್ತಾರೆ. ಮೂವತ್ತು ಅಡಿಗೆ ಒಂದು ಸಲ ಹತ್ತು, ಇಳಿ. ಮೇಲಾಗಿ ಚರಂಡಿಯ ಎತ್ತರಕ್ಕೆ ಫುಟ್‌ಪಾತ್ ಕಟ್ಟಿರುತ್ತಾರೆ, ಕೆಲವು ಕಡೆ ಒಂದೂವರೆ ಅಡಿ ಮೇಲೆ. ಮಂಡಿ ನೋವಿರುವವರು ಒಂದು ಸಲ ಹತ್ತಿ ಇಳಿದ ಮೇಲೆ ಸುಮ್ನೆ ಟಾರ್ ರಸ್ತೆಯಲ್ಲೇ ನಡೆಯುತ್ತಾರೆ. ಆಗ ಬೈಕಿನವರು, "ಫುಟ್‌ಪಾತ್ ಇದ್ದರೂ ರಸ್ತೆಗೆ ಬರುತ್ತಾರೆ" ಅಂತ ಬೈಯುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ನಡೆಯುವ ಪಟ್ಟಿ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇರಬೇಕು. ಕಾರು ಹತ್ತುವ ಇಳಿಜಾರು ಫುಟ್‌ಪಾತಿನ ರಸ್ತೆ ಬದಿಯ ಅಂಚಿನಲ್ಲಿ, ದೀಪದ ಕಂಬ, ಮರ ಇರುವ ಪಟ್ಟಿಯಲ್ಲಿ ಮುಗಿಯಬೇಕು. ಕಾರು ನಿಧಾನವಾಗಿ ಹತ್ತಿ ಬರಲಿ, ನಡೆಯುವವರು ಇಳಿಯಬಾರದು. ರಸ್ತೆಗಳಿಗೆ ಅಳತೆ, ಮಾನದಂಡ ಗೊತ್ತು ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ). ನಡೆಯುವವರ ಸೌಲಭ್ಯಕ್ಕೆ ಅದರ ಐಆರ್‌ಸಿ 103 ಮಾರ್ಗಸೂಚಿ 2012ರಲ್ಲೇ ಈ ಅಳತೆ ಹೇಳಿದೆ. ಕಂಬ, ಬೋರ್ಡ್, ಪೆಟ್ಟಿಗೆ ಏನೂ ಅಡ್ಡ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಬೇಕು, ವ್ಯಾಪಾರದ ಬೀದಿಯಲ್ಲಿ 2.5 ಮೀಟರ್. ಅಂಚಿನ ಕಲ್ಲು 150 ಮಿ.ಮೀ.ಗಿಂತ ಎತ್ತರ ಇರಬಾರದು, ಅಂದರೆ ಅರ್ಧ ಅಡಿ. ಎರಡು ಮೀಟರ್ ಫುಟ್‌ಪಾತ್ ಕಟ್ಟಿ ಅದರ ನಡುವೆ ಕಂಬ ನೆಟ್ಟರೆ ಅದು ಎರಡು ಮೀಟರ್ ಆಗುವುದಿಲ್ಲ, ಕಂಬದ ಪಕ್ಕ ಎಷ್ಟು ಉಳಿಯಿತೋ ಅಷ್ಟೇ ಲೆಕ್ಕ.

ಈಗ ಮಾಲಿನ ಟೆಂಪೋ. ಅದಕ್ಕೆ ಹೊತ್ತು ಗೊತ್ತು ಮಾಡಿ ಜಾಗ ಬಿಡಬಹುದು. ಬೆಳಿಗ್ಗೆ ಬೇಗ, ಮಧ್ಯಾಹ್ನ ಜನ ಕಡಿಮೆ ಇರುವಾಗ. ಇದನ್ನು ನಕ್ಷೆಯಲ್ಲೇ ಗುರುತು ಹಾಕಿ ತೋರಿಸಬೇಕು, ಬಾಯಿ ಮಾತಲ್ಲ.

ಗುಬ್ಬಿ ಗೇಟ್ ಸೈಕಲ್ ರಿಪೇರಿ

ನನ್ನದು ಸಣ್ಣ ಸೈಕಲ್ ಅಂಗಡಿ. ಸೈಕಲ್ ಅಂದರೆ ಎಲ್ಲರ ಕಣ್ಣ ಮುಂದೆ ಭಾನುವಾರ ದೇವರಾಯನದುರ್ಗಕ್ಕೆ ಹೆಲ್ಮೆಟ್ ಹಾಕಿಕೊಂಡು ಹೋಗುವವರು ಬರುತ್ತಾರೆ. ಅವರು ಬರಲಿ, ಒಳ್ಳೆಯದೇ. ಆದರೆ ನನ್ನ ಹತ್ತಿರ ದಿನಾ ಬರುವವರು ಬೇರೆ. ಗಾರೆ ಕೆಲಸದವರು, ಹಾಲು ಹಾಕುವವರು, ಅಂತರಸನಹಳ್ಳಿ ಮಾರ್ಕೆಟ್‌ಗೆ ಬೆಳಗಿನ ಜಾವ ಹೋಗುವವರು, ವಾಚ್‌ಮನ್‌ಗಳು. ಅವರಿಗೆ ಯಾರೂ ಸೈಕಲ್ ಬಗ್ಗೆ ಪ್ರಚಾರ ಮಾಡಬೇಕಿಲ್ಲ. ಈ ಊರಲ್ಲಿ ಸೈಕಲ್ ಉಳಿದಿರುವುದೇ ಅವರಿಂದ. ನಕ್ಷೆ ಮಾಡುವಾಗ ಅವರು ಹೋಗುವ ದಾರಿಯನ್ನೂ ನೋಡಿ.

ಹೊಸದಾಗಿ ಸೈಕಲ್ ಕೊಳ್ಳುವವರಿಗೆ ಒಂದು ಮಾತು. ಮೂರು ವಾರ ತುಳಿದು ಮೂಲೆಗೆ ಹಾಕುವುದಕ್ಕೆ ಕಾರಣ ಸೋಮಾರಿತನ ಅಲ್ಲ. ಸೀಟು ತಗ್ಗಿರುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ಕೆಳಗಿದ್ದಾಗ ಕಾಲು ನೇರ ಆಗಬೇಕು. ಅಷ್ಟು ಎತ್ತರ ಇಟ್ಟರೆ ಮಂಡಿ ನೋಯುವುದಿಲ್ಲ. ಎರಡನೆಯದು ಗಾಳಿ. ಟೈರ್ ಮೆತ್ತಗಿದ್ದರೆ ಸಮ ರಸ್ತೆಯೂ ಏರು ಅನ್ನಿಸುತ್ತದೆ. ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಚೈನ್ ಒರೆಸಿ ಎರಡು ಹನಿ ಎಣ್ಣೆ. ಊರೊಳಗೆ ಓಡಾಡಲು ಗೇರ್ ಬೇಕಾಗಿಲ್ಲ. ಮಡ್‌ಗಾರ್ಡ್, ಕ್ಯಾರಿಯರ್, ಗಟ್ಟಿ ಸ್ಟ್ಯಾಂಡ್, ಹಿಂದೆ ಕೆಂಪು ಲೈಟ್ ಇರುವ ಸೈಕಲ್ ತೆಗೆದುಕೊಳ್ಳಿ. ಕ್ಯಾರಿಯರ್ ಇಲ್ಲದ ಸೈಕಲ್‌ನಲ್ಲಿ ತರಕಾರಿ ತರೋಕೆ ಆಗಲ್ಲ, ಆಗ ಮತ್ತೆ ಸ್ಕೂಟರ್ ಕೀ ಹುಡುಕುತ್ತೀರಿ.

ಎಸ್.ಎಸ್. ಪುರಂ ನಿವಾಸಿ

ಅಣ್ಣಾ, ಇದನ್ನೇ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ಅಂತರಸನಹಳ್ಳಿ ದಾರಿಯನ್ನು ಎರಡನೇ ಹಂತಕ್ಕೆ ಸೇರಿಸೋಣ. ಅಲ್ಲಿ ಹೆದ್ದಾರಿ ಲಾರಿಗಳ ಸಮಸ್ಯೆ ಬೇರೆಯೇ ಇದೆ.

ಬಡ್ಡಿಹಳ್ಳಿ ಬೈಕ್ ಸವಾರ

ಬೇಜಾರಾಗಬೇಡಿ. ಏಪ್ರಿಲ್ ಬಿಸಿಲಲ್ಲಿ ಯಾರು ಸೈಕಲ್ ತುಳಿಯುತ್ತಾರೆ? ನಾನು ಕೆಲಸಕ್ಕೆ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕು. ಅಷ್ಟು ದೂರ ತುಳಿದು ಶಿಫ್ಟ್ ಮಾಡೋಕೆ ಆಗುತ್ತಾ? ಸೈಕಲ್‌ಗೆ ಹೆಸರಾದ ಹಾಲೆಂಡ್‌ನಲ್ಲಿ ತಂಪು, ಅವರಿಗೆ ಸೈಕಲ್ ಹುಟ್ಟಿನಿಂದ ಬಂದ ಅಭ್ಯಾಸ. ನಮಗೆ ಹೊಂದುವುದಿಲ್ಲ.

ಬೆಂಗಳೂರು ಕೆಲಸ, ತುಮಕೂರು ಮನೆ

ವಸಂತನರಸಾಪುರಕ್ಕೆ ಸೈಕಲ್ ಬೇಡ ಸರ್, ಅದಕ್ಕೆ ಶಿಫ್ಟ್ ಹೊತ್ತಿಗೆ ಸರಿಯಾಗಿ ಬಸ್ ಬೇಕು. ಮನೆಯಿಂದ ಆ ಬಸ್ ಸ್ಟಾಪ್‌ವರೆಗೆ ಮಾತ್ರ ನಡಿಗೆ, ಸೈಕಲ್. ಯಾರೂ ಬೈಕ್ ಮಾರಿ ಅನ್ನುತ್ತಿಲ್ಲ.

ಆದರೆ ಹಾಲೆಂಡ್ ಬಗ್ಗೆ ಹೇಳಿದ್ದನ್ನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಕಾರು ಜಾಸ್ತಿಯಾಗಿ ಸೈಕಲ್ ಮೂಲೆಗೆ ಬಿದ್ದಿತ್ತು. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಕ್ಕೆ 400ಕ್ಕೂ ಹೆಚ್ಚು ಮಕ್ಕಳು ಬಲಿಯಾದರು. ತಂದೆ ತಾಯಂದಿರು ಬೀದಿಗಿಳಿದರು, ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ ಅಂತ ರಸ್ತೆ ಅಡ್ಡಗಟ್ಟಿ ಕೂತರು. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು. ಆಮೇಲೆ ಸರ್ಕಾರ ಸೈಕಲ್‌ಗೆ ಬೇರೆ ಪಥ ಕಟ್ಟಲು ಶುರು ಮಾಡಿತು. ಅವರು ಹೋರಾಡಿ ಪಡೆದದ್ದು ಅದು. ಬಿಸಿಲಿನ ಊರು ಬೇಕು ಅಂದರೆ ಚೆನ್ನೈ ನೋಡಿ. ನಮಗಿಂತ ಎಷ್ಟೋ ಸೆಕೆ ಇರುವ ಊರು. ಅಲ್ಲಿ ಪಾಂಡಿ ಬಜಾರ್ ರಸ್ತೆಯನ್ನು 2019ರಲ್ಲಿ ಅಗಲ ಫುಟ್‌ಪಾತ್ ಮಾಡಿ ಜನಕ್ಕೆ ಬಿಟ್ಟರು. ಅಂಗಡಿಗಳು ಈಗಲೂ ನಡೆಯುತ್ತಿವೆ.

ಬೆಂಗಳೂರಿನಿಂದ ಕಲಿಯಬೇಕಾದ್ದೂ ಇದೆ. ಟೆಂಡರ್ ಶ್ಯೂರ್ ಅಂತ ಕೆಲವು ರಸ್ತೆ ಮಾಡಿದರು. ಮೊದಲು ನೀರಿನ ಪೈಪ್, ಒಳಚರಂಡಿ, ಕೇಬಲ್ ಎಲ್ಲವನ್ನೂ ನೆಲದೊಳಗೆ ಸರಿಯಾಗಿ ಹಾಕಿ, ಆಮೇಲೆ ಮೇಲೆ ಫುಟ್‌ಪಾತ್. ಆ ಕ್ರಮದಿಂದಲೇ ಮತ್ತೆ ಮತ್ತೆ ಅಗೆಯುವುದು ತಪ್ಪಿತು. ಅದೇ ಊರಲ್ಲಿ 2020ರಲ್ಲಿ ಔಟರ್ ರಿಂಗ್ ರೋಡ್ ಬದಿಗೆ ಪ್ಲಾಸ್ಟಿಕ್ ಕಂಬ ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿದರು. ಬೈಕ್‌ಗಳು ಒಳಗೆ ನುಗ್ಗಿದವು, ಕಂಬಗಳು ಮುರಿದವು. ಬಣ್ಣ ಬಳಿದು ಪ್ಲಾಸ್ಟಿಕ್ ನೆಟ್ಟರೆ ಪಥ ಉಳಿಯುವುದಿಲ್ಲ. ಸಿಮೆಂಟ್ ಅಂಚು ಬೇಕು, ಬೈಕ್ ನುಸುಳದ ಹಾಗೆ.

ಮೈಸೂರಿನ ಟ್ರಿಣ್ ಟ್ರಿಣ್ ನೆನಪಿದೆಯಾ? 2017ರಲ್ಲಿ 450 ಸೈಕಲ್‌ನಿಂದ ಶುರುವಾದ ಬಾಡಿಗೆ ಸೈಕಲ್ ಯೋಜನೆ. ಒಳ್ಳೆಯ ಕೆಲಸ. ಆದರೆ ನಮ್ಮಲ್ಲಿ ಅದನ್ನೇ ಮೊದಲು ಕೇಳಬಾರದು ಅಂತ ನನಗೆ ಅನ್ನಿಸುತ್ತದೆ. ಸೈಕಲ್ ಎಷ್ಟೋ ಮನೆಯಲ್ಲಿ ಇದೆ. ತುಳಿಯಲು ದಾರಿ ಮೊದಲು.

ಡಿಗ್ರಿ ವಿದ್ಯಾರ್ಥಿನಿ

ಎಲ್ಲರೂ ಅಗಲ, ಎತ್ತರ ಹೇಳಿದ್ದೀರಿ. ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಸಂಜೆ ಏಳರ ಮೇಲೆ ಹಾಸ್ಟೆಲ್‌ಗೆ ನಡೆದು ಹೋಗುವಾಗ ಹತ್ತಿರದ ದಾರಿ ಬಿಟ್ಟು ಸುತ್ತು ಹಾಕುತ್ತೇನೆ. ಹತ್ತಿರದ ದಾರಿಯಲ್ಲಿ ದೀಪ ರಸ್ತೆಯ ನಡುವೆ ಇದೆ. ಬೆಳಕು ಟಾರ್ ಮೇಲೆ ಬೀಳುತ್ತದೆ, ಫುಟ್‌ಪಾತ್ ಮೇಲೆ ಮರದ ನೆರಳು ಕವಿದು ಕತ್ತಲೆ. ಅಲ್ಲಿ ಯಾರಾದರೂ ನಿಂತಿದ್ದರೆ ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ. ಮರ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ. ಮರದ ಕೆಳಗೆ ಬರುವ ಹಾಗೆ ಗಿಡ್ಡ ಕಂಬದಲ್ಲಿ ಇನ್ನೊಂದು ದೀಪ ಹಾಕಲಿ. ದಯವಿಟ್ಟು ಇದನ್ನು ಮನವಿಯಲ್ಲಿ ಸೇರಿಸಿ.

ಇನ್ನೊಂದು, ಖಾಲಿ ಗೋಡೆ ಪಕ್ಕ ನಡೆಯುವುದಕ್ಕಿಂತ ಹೂವಿನ ಅಂಗಡಿ, ಕಡ್ಲೆಕಾಯಿ ಗಾಡಿ ಇರುವ ಕಡೆ ನಮಗೆ ಧೈರ್ಯ ಜಾಸ್ತಿ. ಫುಟ್‌ಪಾತ್ ಖಾಲಿ ಮಾಡಿಸಿ ಅಂತ ಬರೆಯಬೇಡಿ.

ಹೂವಿನವರ ಮಗ

ಅಕ್ಕಾ, ನಿಮ್ಮ ಕೊನೆಯ ಮಾತಿಗೆ ಧನ್ಯವಾದ. ನಮ್ಮಮ್ಮ ಹೂವು ಮಾರಿಯೇ ನನ್ನನ್ನು ಓದಿಸಿದ್ದು. ಫುಟ್‌ಪಾತ್ ಸರಿ ಮಾಡುತ್ತೇವೆ ಅಂದರೆ ಮೊದಲು ನಮ್ಮ ಬುಟ್ಟಿ ಎತ್ತುತ್ತಾರೆ. ಫುಟ್‌ಪಾತ್ ಮೇಲೇ ಹತ್ತಿಸಿ ನಿಲ್ಲಿಸಿದ ಕಾರನ್ನು ಯಾರೂ ಮುಟ್ಟುವುದಿಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ಮೂರು ನಾಲ್ಕು ಸಂಸಾರ ಬದುಕುತ್ತವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮಾಡಿ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವ ಹಾಗಿಲ್ಲ. ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದರೂ ನೂರಕ್ಕೆ 40 ಜನ ಬೀದಿ ವ್ಯಾಪಾರಿಗಳೇ ಇರಬೇಕು. ಮನವಿಯಲ್ಲಿ ನಮಗೂ ಅಳತೆ ಹಾಕಿ ಜಾಗ ಗುರುತು ಮಾಡಿ ಅಂತ ಬರೆದರೆ ನಮ್ಮ ಕಡೆಯವರೆಲ್ಲ ಸಹಿ ಹಾಕುತ್ತಾರೆ.

ನಿವೃತ್ತ ಇಂಜಿನಿಯರ್, ಉಪ್ಪಾರಹಳ್ಳಿ

ಖಂಡಿತ ಬರೆಯೋಣ ಮಗು. ಕಂಬ, ಮರ ಇರುವ ಪಟ್ಟಿಯಲ್ಲೇ ವ್ಯಾಪಾರಕ್ಕೆ ಜಾಗ ಬಿಡಬಹುದು. ನಡೆಯುವ 1.8 ಮೀಟರ್ ಮಾತ್ರ ಯಾರೂ ಮುಟ್ಟಬಾರದು, ಕಾರೂ ಇಲ್ಲ, ಅಂಗಡಿ ಬೋರ್ಡೂ ಇಲ್ಲ.

ಕಾನೂನಿನ ಮಾತು ಬಂದದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ. ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಂಗವಿಕಲರಿಗೂ ಬಳಸಲು ಆಗುವಂತೆ ಇರಬೇಕು ಅಂತಲೂ ಹೇಳಿದೆ. ಎರಡನೆಯದು, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಂ ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಬಿಟ್ಟು, ಅದರಿಂದ ಸಾವು ಇಲ್ಲವೇ ಅಂಗವೈಕಲ್ಯ ಆದರೆ ಹೊಣೆ ಹೊತ್ತವರಿಗೆ ಒಂದು ಲಕ್ಷದವರೆಗೆ ದಂಡ. ಗುತ್ತಿಗೆದಾರರೂ ಅದರಲ್ಲಿ ಬರುತ್ತಾರೆ. ಮನವಿಯಲ್ಲಿ ಇವೆರಡನ್ನೂ ಒಂದೊಂದು ಸಾಲಲ್ಲಿ ಬರೆದರೆ ಸಾಕು. ಹೆದರಿಸುವ ಧಾಟಿ ಬೇಡ.

ಕ್ಯಾತಸಂದ್ರ ಅಜ್ಜಿಯ ಮೊಮ್ಮಗಳು

ರಸ್ತೆ ದಾಟುವುದರ ಬಗ್ಗೆ ನಾನು ಹೇಳಬೇಕು. ನಮ್ಮಜ್ಜಿ ಸಿದ್ಧಗಂಗೆ ಜಾತ್ರೆಗೆ ಶಿವರಾತ್ರಿ ಹೊತ್ತಲ್ಲಿ ಈಗಲೂ ನಡೆದೇ ಹೋಗುತ್ತಾರೆ. ಮಠದ ಕಡೆ ನಡೆಯುವುದು ಅವರಿಗೆ ಕಷ್ಟ ಅಲ್ಲ. ಅವರು ಹೆದರುವುದು ಒಂದೇ ವಿಷಯಕ್ಕೆ, ದೊಡ್ಡ ರಸ್ತೆ ದಾಟಲು. ಕೈ ಮುಂದೆ ಚಾಚಿ, ನನ್ನ ಸೆರಗು ಹಿಡಿದು, ಬಸ್ ನಿಂತಿತು ಅಂದುಕೊಂಡು ಹೆಜ್ಜೆ ಇಟ್ಟರೆ ಬಸ್ಸಿನ ಮರೆಯಿಂದ ಬೈಕ್ ನುಗ್ಗುತ್ತದೆ. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ನಡುವಿನ ಡಿವೈಡರ್ ಎಷ್ಟು ಕಿರಿದು ಅಂದರೆ ಪಾದ ಅಡ್ಡ ಇಟ್ಟು ನಿಲ್ಲಬೇಕು.

ಇಂಜಿನಿಯರ್ ಸರ್, ಇದಕ್ಕೂ ಅಳತೆ ಇದೆಯಾ? ಸ್ಕೈವಾಕ್ ಮಾಡಿ ಅಂತ ಕೆಲವರು ಹೇಳುತ್ತಾರೆ. ಅಜ್ಜಿ ಅಷ್ಟು ಮೆಟ್ಟಿಲು ಹತ್ತಲಾರರು.

ನಿವೃತ್ತ ಇಂಜಿನಿಯರ್, ಉಪ್ಪಾರಹಳ್ಳಿ

ಇದೆಯಮ್ಮ. ಸಿಗ್ನಲ್ ಹೊತ್ತು ಲೆಕ್ಕ ಹಾಕುವಾಗ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುವುದು ರೂಢಿ. ಅದು ಗಟ್ಟಿಮುಟ್ಟಾದವರ ನಡಿಗೆ. ಹನ್ನೆರಡು ಮೀಟರ್ ರಸ್ತೆ ಅವರಿಗೆ ಹತ್ತು ಸೆಕೆಂಡ್. ನಿಮ್ಮ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಹದಿನೈದು ಸೆಕೆಂಡ್ ಬೇಕು. ಆ ಐದು ಸೆಕೆಂಡ್ ಕೊಡದೇ ಇದ್ದರೆ ಅವರು ನಡು ರಸ್ತೆಯಲ್ಲಿ ಇರುವಾಗಲೇ ಗಾಡಿಗಳಿಗೆ ಹಸಿರು ಬೀಳುತ್ತದೆ.

ಸ್ಕೈವಾಕ್ ಬೇಡ. ಶಾಲೆ, ಬಸ್ ಸ್ಟಾಪ್ ಇರುವ ಕಡೆ ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಉದ್ದ ಹಂಪ್ ತರಹ ಮಾಡಬಹುದು. ನಡೆಯುವವರು ಇಳಿಯಬೇಕಿಲ್ಲ, ಗಾಡಿ ತಾನೇ ನಿಧಾನ ಆಗುತ್ತದೆ. ಡಿವೈಡರ್ ಆ ಜಾಗದಲ್ಲಿ ಎರಡು ಮೀಟರ್‌ನಷ್ಟು ಅಗಲ ಇದ್ದರೆ ಗಾಲಿಕುರ್ಚಿ, ಸೈಕಲ್ ಎರಡೂ ಒಳಗೆ ನಿಲ್ಲುತ್ತವೆ. ಅರ್ಧ ದಾಟಿ ನಿಂತು, ಇನ್ನೊಂದು ಕಡೆ ನೋಡಿ ದಾಟಬಹುದು.

ಸರ್ಕಾರಿ ಪ್ರೌಢಶಾಲೆ ಮೇಷ್ಟ್ರು

ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು. ಆ ಸೈಕಲ್ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಬರುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಬಸ್ ತಪ್ಪಿತು ಅಂತ ಮನೆಯಲ್ಲಿ ಉಳಿಯುವುದು ಕಡಿಮೆಯಾಯಿತು. ಬಿಹಾರದಲ್ಲೂ ಅದೇ ಕಾಲಕ್ಕೆ ಇಂಥ ಯೋಜನೆ ಬಂದು ಪ್ರೌಢಶಾಲೆಗೆ ಸೇರುವ ಹುಡುಗಿಯರು ಹೆಚ್ಚಾದರು. ನಗರದೊಳಗಿನ ಮಕ್ಕಳಿಗೆ ಮಾತ್ರ ಮನೆಯವರು ಬೇಡ ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಶಾಲೆ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಕಾರು ಬಿಡದೇ ಇದ್ದರೂ ಸಾಕು, ಅರ್ಧ ಭಯ ಹೋಗುತ್ತದೆ. ಇದಕ್ಕೆ ಸಿಮೆಂಟ್ ಬೇಡ, ಇಬ್ಬರು ನಿಂತರೆ ಆಯಿತು. ನಮ್ಮ ಶಾಲೆಯ ಪೋಷಕರ ಹತ್ತಿರ ನಾನು ಮಾತಾಡುತ್ತೇನೆ.

ಅಶೋಕ ರಸ್ತೆ ಅಂಗಡಿಯವನು

ಎಲ್ಲವನ್ನೂ ಓದಿದೆ. ನನ್ನ ಅಂಗಡಿಗೆ ಬರುವವರಲ್ಲಿ ಬಸ್ ಇಳಿದು ನಡೆದು ಬರುವವರೇ ಹೆಚ್ಚು, ಅದು ನಿಜ. ಮೂರು ವಿಷಯ ಮನವಿಯಲ್ಲಿ ಇದ್ದರೆ ಸಹಿ ಹಾಕುತ್ತೇನೆ, ಪಕ್ಕದವರಿಂದಲೂ ಹಾಕಿಸುತ್ತೇನೆ. ಮಾಲು ಇಳಿಸುವ ಹೊತ್ತು, ಜಾಗ ಬರೆದಿರಬೇಕು. ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬದಿ ಅಗೆಯಬೇಕು. ಪೈಪ್, ಕೇಬಲ್ ಮೊದಲೇ ಹಾಕಿ ಮುಗಿಸಬೇಕು, ಫುಟ್‌ಪಾತ್ ಆದ ಮೇಲೆ ಮತ್ತೆ ಗುಂಡಿ ತೋಡುವ ಹಾಗಿಲ್ಲ.

ಎಸ್.ಎಸ್. ಪುರಂ ನಿವಾಸಿ

ಮೂರೂ ಸೇರಿಸುತ್ತೇನೆ ಯಜಮಾನ್ರೆ. ಜೊತೆಗೆ ಗಿಡ್ಡ ದೀಪ, ಬೀದಿ ವ್ಯಾಪಾರದ ಪಟ್ಟಿ, ಎತ್ತರಿಸಿದ ದಾಟುವ ಜಾಗ, ಸ್ಟೇಷನ್ ಮುಂದೆ ನೆರಳಿರುವ ಸೈಕಲ್ ಸ್ಟ್ಯಾಂಡ್. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ, ಬೀಗ ಹಾಕಲು ನೆಲಕ್ಕೆ ಹೂತ ಕಬ್ಬಿಣದ ಕಮಾನು ಸಾಕು. ದಾರಿಯುದ್ದಕ್ಕೂ ಹೊಂಗೆ ಗಿಡ ಕೇಳೋಣ, ಬಿಸಿಲಿನ ಪ್ರಶ್ನೆಗೆ ಅದೂ ಒಂದು ಉತ್ತರ. ಈ ಭಾನುವಾರ ಬೆಳಿಗ್ಗೆ ಸ್ಟೇಷನ್‌ನಿಂದ ನಡೆದು ಅಳತೆ ಮಾಡೋಣವಾ? ಎಲ್ಲಿ ಎಷ್ಟು ಅಗಲ, ಎಲ್ಲಿ ಕಂಬ, ಎಲ್ಲಿ ಚಪ್ಪಡಿ ಇಲ್ಲ, ಫೋಟೋ ಸಮೇತ.

ಗುಬ್ಬಿ ಗೇಟ್ ಸೈಕಲ್ ರಿಪೇರಿ

ಭಾನುವಾರ ಬೇಡ ಸರ್. ಅವತ್ತು ರಸ್ತೆ ಖಾಲಿ ಇರುತ್ತದೆ, ಗಾಡಿಗಳು ಫುಟ್‌ಪಾತ್ ಮೇಲೆ ಹತ್ತಿರುವುದು ಕಾಣುವುದಿಲ್ಲ. ಸೋಮವಾರ ಬೆಳಗಿನ ರೈಲಿನ ಹೊತ್ತಿಗೆ ಇಟ್ಟುಕೊಳ್ಳಿ.

ಡಿಗ್ರಿ ವಿದ್ಯಾರ್ಥಿನಿ

ಸೋಮವಾರ ಆಗಲಿ. ಸಂಜೆ ಏಳರ ಮೇಲೂ ಒಂದು ಸಲ ಅದೇ ದಾರಿ ನಡೆಯಬೇಕು, ದೀಪ ಇಲ್ಲದ ಕಡೆ ಆಗಲೇ ಗೊತ್ತಾಗುವುದು. ನಮ್ಮ ಹಾಸ್ಟೆಲ್‌ನಿಂದ ಮೂರ್ನಾಲ್ಕು ಜನ ಬರುತ್ತೇವೆ.